ಏಡಿ ಬನ್ನಿನ ಉಪ್ಪು

ಮಾವನ ಮನೆಯಲ್ಲಿ ಉಣ್ಣಲು ಕೂತವರು ‘ಚೆನ್ನಾಗಿದೆ’ ಎನ್ನುವ ಹಾಗಿರಲಿಲ್ಲ. ಯಾರಾದರೂ ಮರೆತು ಅಂದುಬಿಟ್ಟರೆ ಮಾವ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದರು. “ಚೆನ್ನಾಗಿದೆ ಅಂದ್ರೆ ಎಂತ ಮಾರಾಯ? ಸೀರೆ ಚೆನ್ನಾಗಿರುತ್ತೆ, ಫೋಟೋ ಚೆನ್ನಾಗಿರುತ್ತೆ. ಇದು ಬಾಯಿಗೆ ಹಾಕಿದ್ದು. ಹುಳಿ ಮುಂದಿದೆಯಾ, ಖಾರ ಮುಂದಿದೆಯಾ, ಅದನ್ನ ಹೇಳು.” ಬಂದ ನೆಂಟರು ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕಕ್ಕಾಬಿಕ್ಕಿಯಾಗುತ್ತಿದ್ದರು. “ಉಣ್ಣಕ್ಕೆ ಬಿಡಿ ಅವರನ್ನ, ಪರೀಕ್ಷೆ ಆಮೇಲೆ ಮಾಡಿ” ಎಂದು ಅತ್ತೆ ಒಳಗಿನಿಂದ ಕೂಗುತ್ತಿದ್ದರು.

ದೇವೇಂದ್ರ ಮಾವ ನನ್ನ ಅಮ್ಮನ ತಮ್ಮ. ಹದಿನಾರು ವರ್ಷ ಸರಕು ಹಡಗುಗಳಲ್ಲಿ ಅಡುಗೆಯವರಾಗಿದ್ದು, ಆಮೇಲೆ ಎನ್.ಆರ್.ಪುರಕ್ಕೆ ಬಂದು ನೆಲೆಸಿದರು. ಪೇಟೆಯಿಂದ ಭದ್ರಾ ಹಿನ್ನೀರಿನ ಕಡೆ ಇಳಿಯುವ ರಸ್ತೆಯಲ್ಲಿ ಮೂರು ಕೋಣೆಯ ಮನೆ, ಸೀತೂರಿನಲ್ಲಿ ಸ್ವಲ್ಪ ಗದ್ದೆ. ಮಕ್ಕಳಿರಲಿಲ್ಲ. ಹಡಗಿನಿಂದ ಅವರು ತಂದದ್ದು ಒಂದು ಒಳ್ಳೆಯ ಚಾಕು, ಹಿಂದಿ ಮತ್ತು ಇಂಗ್ಲಿಷಿನ ಕೆಲವು ಬೈಗುಳ, ಯಾವ ಅಡುಗೆಯನ್ನೂ ಅಂದಾಜಿಗೆ ಬಿಡದ ಹಟ.

ನಾನು ಮಾತು ಕಡಿಮೆಯ ಹುಡುಗಿ. ಎಂಟು ವರ್ಷವಿದ್ದಾಗ, ರಜೆಗೆ ಬಂದಿದ್ದ ಮಾವ ನಮ್ಮನೆಯಲ್ಲಿ ಇಪ್ಪತ್ತು ಜನಕ್ಕೆ ಕೋಳಿ ಸೂಪು ಮಾಡಿದ್ದರು. ಎಲ್ಲರೂ ಹೊಗಳಿದರು. ನಾನು “ಶುಂಠಿ ಜಾಸ್ತಿ ಆಗಿದೆ” ಅಂದೆ. ಅಮ್ಮ ತೊಡೆ ಚಿವುಟಿದಳು. ಮಾವ ಮಾತ್ರ ನನ್ನ ಬಟ್ಟಲಿನಿಂದಲೇ ಒಂದು ಗುಟುಕು ಕುಡಿದು ಚಪ್ಪರಿಸಿದರು. “ಹೌದು. ಇಷ್ಟು ಜನದಲ್ಲಿ ನಾಲಿಗೆ ಇರೋದು ಇದೊಂದಕ್ಕೇ ನೋಡು” ಎಂದರು. ಅದುವರೆಗೆ ನನ್ನ ಬಗ್ಗೆ ಹಿರಿಯರು ಹೇಳುತ್ತಿದ್ದುದು ‘ಇದು ಬಾಯಿ ಬಿಡಲ್ಲ’ ಎಂಬುದೊಂದನ್ನೇ. ಬಾಯಿ ಬಿಟ್ಟಿದ್ದಕ್ಕೆ ಒಬ್ಬರು ಸಂತೋಷಪಟ್ಟದ್ದು ಅದೇ ಮೊದಲು.

ಮುಂದೆ ನಾನು ರಸಾಯನಶಾಸ್ತ್ರ ಓದಿ ಕೊಪ್ಪದ ಕಾಲೇಜೊಂದರಲ್ಲಿ ಪಾಠ ಮಾಡತೊಡಗಿದೆ. ಭಾನುವಾರ ಬೆಳಗಿನ ಬಸ್ಸಿಗೆ ಎನ್.ಆರ್.ಪುರಕ್ಕೆ ಹೋಗುವುದು ಅಭ್ಯಾಸವಾಯಿತು. ಮಳೆಗಾಲದ ಭಾನುವಾರಗಳಲ್ಲಿ ಅಲ್ಲಿ ಏಡಿ ಬನ್ನು.

ಯಾವುದೋ ಅಮೆರಿಕದ ಬಂದರಿನಲ್ಲಿ ಹಡಗು ಒಂಬತ್ತು ದಿನ ನಿಂತಿತ್ತಂತೆ. ದಕ್ಕೆಯ ಪಕ್ಕದ ಗೂಡಂಗಡಿಯಲ್ಲಿ ಮುದುಕಿಯೊಬ್ಬಳು ದೊಡ್ಡ ಸಿಗಡಿಯಂಥ ಲಾಬ್‌ಸ್ಟರ್ ಬೇಯಿಸಿ, ಮಾಂಸ ಬಿಡಿಸಿ, ಬೆಚ್ಚಗಿನ ಬೆಣ್ಣೆಯಲ್ಲಿ ಹೊರಳಿಸಿ, ಕಾವಲಿಯಲ್ಲಿ ಕೆಂಪಾದ ಬನ್ನಿಗೆ ತುಂಬಿ ಕೊಡುತ್ತಿದ್ದಳು. ಮಾವ ಒಂಬತ್ತೂ ದಿನ ಹೋಗಿ ಅದನ್ನೇ ತಿಂದು, ಅವಳ ಕೈಕೆಲಸ ನೋಡಿಕೊಂಡು ಬಂದರು. “ಲಾಬ್‌ಸ್ಟರ್ ಅಂದ್ರೆ ಎಂತ ಅಂದ್ಕೊಂಡಿದೀಯ? ನನ್ನ ಮೊಳಕೈ ಉದ್ದ ಇರುತ್ತೆ. ಅದು ನಮ್ಮ ಭದ್ರೆಗೆ ಎಲ್ಲಿಂದ ಬರ್ಬೇಕು? ನಮಗೆ ಸೀತೂರಿನ ಏಡಿನೇ ಲಾಬ್‌ಸ್ಟರ್.”

ಗದ್ದೆ ಬದುವಿನ ಬಿಲಗಳಿಗೆ ಅವರೇ ಕೈ ಹಾಕಿ ಏಡಿ ಹಿಡಿಯುತ್ತಿದ್ದರು. ಹುಣ್ಣಿಮೆಯ ಹತ್ತಿರ ಹಿಡಿಯುತ್ತಿರಲಿಲ್ಲ, ಆಗ ಏಡಿ ಪೊಳ್ಳು ಎಂಬುದು ಅವರ ನಂಬಿಕೆ. ಉಪ್ಪುನೀರಿನಲ್ಲಿ ಬೇಯಿಸಿ, ಆರಿದ ಮೇಲೆ ಚಿಪ್ಪು ಒಡೆದು, ಅತ್ತೆಯ ತಲೆಪಿನ್ನಿನಿಂದ ಒಂದೊಂದು ಕಾಲಿನ ಮಾಂಸವನ್ನೂ ಬಿಡಿಸುವುದು. ಎಂಟು ಏಡಿಗೆ ಒಂದು ಬನ್ನು ತುಂಬಿದರೆ ಹೆಚ್ಚು. “ಇದೇ ಏಡಿಗೆ ಸಾರು ಮಾಡಿದ್ರೆ ಇಡೀ ಬೀದಿ ಉಣ್ತಿತ್ತು” ಎಂದು ಅತ್ತೆ ಪ್ರತಿಸಲ ಗೊಣಗುತ್ತಿದ್ದರು. ಬೆಣ್ಣೆ ಎದುರುಮನೆಯ ಹಸುವಿನದು. ಅದನ್ನು ಸಣ್ಣ ಉರಿಯಲ್ಲಿ ಕರಗಿಸಿ ಚಿಟಿಕೆ ಲೆಕ್ಕದಲ್ಲಿ ಉಪ್ಪು, ಕಾಳುಮೆಣಸು, ನಾಲ್ಕು ಹನಿ ನಿಂಬೆ ಹಾಕುತ್ತಿದ್ದರು. “ಬೆಣ್ಣೆ ಕರಗ್ಬೇಕು, ಸದ್ದು ಮಾಡ್ಬಾರ್ದು. ಸದ್ದು ಮಾಡ್ತೋ, ತುಪ್ಪ ಆಯ್ತು ಅಂತ. ಹೋಳಿಗೆ ಮಾಡ್ಕೊಂಡು ತಿನ್ನು ಆಮೇಲೆ.” ಬೇಕರಿಯ ದುಂಡು ಬನ್ನಿನ ನೆತ್ತಿ ಸೀಳಿ, ಹೊರಮೈಯನ್ನು ಕಾವಲಿಗೆ ಒತ್ತಿ, ಏಡಿ ತುಂಬಿ, ಬಿಸಿ ಆರುವ ಮೊದಲು ಕೈಗೆ ಕೊಡುತ್ತಿದ್ದರು.

ಅವರಿಗೆ ಗಂಟಲಿನ ಕ್ಯಾನ್ಸರ್ ಎಂದು ತಿಳಿದಾಗ ಐವತ್ತೆಂಟು ವರ್ಷ. ಆಸ್ಪತ್ರೆಯಿಂದ ಬರುವಾಗ ಹೊಟ್ಟೆಗೆ ಒಂದು ಪೈಪು ಸೇರಿಸಿದ್ದರು, ಊಟವೆಲ್ಲ ಅದರಲ್ಲೇ. ಗಂಟಲಿಗೆ ರೇಡಿಯೇಶನ್ ಕರೆಂಟು ಕೊಟ್ಟಿದ್ದರಿಂದ ಬಾಯಿಯ ರುಚಿ ಪೂರ್ತಿ ಹೋಗಿತ್ತು. “ನಾಲಿಗೆ ಮೇಲೆ ರಟ್ಟು ಅಂಟಿಸಿದ ಹಾಗಿದೆ” ಎನ್ನುತ್ತಿದ್ದರು. ಎರಡು ತಿಂಗಳು ಅಡುಗೆಮನೆಯ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ಒಂದು ಭಾನುವಾರ ನಾನು ಹೋದಾಗ ಒಲೆಯ ಮುಂದೆ ನಿಂತಿದ್ದರು. ಪೈಪನ್ನು ಪ್ಲಾಸ್ಟರ್ ಹಾಕಿ ಹೊಟ್ಟೆಗೆ ಅಂಟಿಸಿಕೊಂಡು, ಮೇಲೆ ಅತ್ತೆಯ ಏಪ್ರನ್ನು ಕಟ್ಟಿಕೊಂಡಿದ್ದರು.

“ಮೂಗು ನಂದು ಸರಿ ಇದೆ. ನಾಲಿಗೆ ನಿಂದು ಇದೆಯಲ್ಲ. ಇನ್ನೆಂತ ಬೇಕು ಮಾರಾಯ್ತಿ?”

ಅವತ್ತಿನಿಂದ ಒಂದು ನಿಯಮವಾಯಿತು. ಒಲೆಯ ಹತ್ತಿರ ರುಚಿ ನೋಡುವಂತಿಲ್ಲ. ಅವರು ಸ್ಟೂಲಿನ ಮೇಲೆ ಕೂತ ಮೇಲೆ, ಅವರೆದುರಿಗೇ ಮೊದಲ ತುತ್ತು ತಿನ್ನಬೇಕು.

“ಮೊದಲು ಎಂತ ಸಿಗುತ್ತೆ?”

“ಬನ್ನಿನ ಹೊರಮೈ. ಗರಿಗರಿ. ಆಮೇಲೆ ಬೆಣ್ಣೆ.”

“ಬೆಣ್ಣೆ ಎಲ್ಲಿ? ನಾಲಿಗೆ ತುದಿಗಾ, ಬದಿಗಾ?”

“ಬದಿಗೆ. ಏಡಿ ಆಮೇಲೆ ಬರುತ್ತೆ. ಸಿಹಿ ಇದೆ, ಎಳನೀರಿನ ಗಂಜಿಯ ಥರ ಸಿಹಿ. ನಿಂಬೆ ಕೊನೆಗೆ.”

“ಮೆಣಸು?”

“ನುಂಗಿದ ಮೇಲೆ.”

ಅವರು ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ನಾನು ನುಂಗಿದಾಗ ಅವರ ಗಂಟಲಮಣಿಯೂ ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ನನಗೆ ಮನುಷ್ಯರ ಮುಂದೆ ಇಷ್ಟು ಮಾತಾಡಿ ಗೊತ್ತಿರಲಿಲ್ಲ. ಭಾನುವಾರದ ಬಸ್ಸಿನಲ್ಲಿ ಕೂತು ಪದಗಳನ್ನು ಹುಡುಕುತ್ತಿದ್ದೆ. ಉಪ್ಪು ಕಮ್ಮಿಯಾದರೆ ಕಮ್ಮಿ ಎನ್ನುತ್ತಿದ್ದೆ. ಅವರು ತಕ್ಷಣ ಎದ್ದು ಸರಿಮಾಡುತ್ತಿದ್ದರು. ಆ ಎದ್ದು ಹೋಗುವ ರಭಸವನ್ನು ನೋಡಿದರೆ ಕಾಯಿಲೆಯವರೆಂದು ಯಾರೂ ಹೇಳುತ್ತಿರಲಿಲ್ಲ.

ಆಗಸ್ಟಿನಲ್ಲಿ ಡಾಕ್ಟರು ಇನ್ನು ಔಷಧಿ ಬೇಡ ಎಂದರು. ಮನೆಗೆ ಬಂದವರೇ ಮಾವ ಅತ್ತೆಯ ತಮ್ಮ ನಾಗೇಶಣ್ಣನಿಗೆ ಫೋನು ಮಾಡಿ, ಭಾನುವಾರ ಮನೆಮಂದಿಯೆಲ್ಲ ಏಡಿ ಬನ್ನು ತಿನ್ನಲು ಬರಬೇಕು ಎಂದು ಕರೆದರು. ಶನಿವಾರ ಸೀತೂರಿನ ಗದ್ದೆಯಿಂದ ಐವತ್ತು ಏಡಿ ತರಿಸಿ, ಭಾನುವಾರ ಬೆಳಕು ಹರಿದಾಗಿನಿಂದ ತಲೆಪಿನ್ನು ಹಿಡಿದು ಕೂತರು. ನಡುನಡುವೆ ಪಿನ್ನು ಕೈಜಾರಿ ಬೀಳುತ್ತಿತ್ತಂತೆ. ಅತ್ತೆ ಸಹಾಯಕ್ಕೆ ಬಂದರೆ ಗದರಿದರಂತೆ.

ಎದುರುಮನೆಯ ಹಸು ಆ ವಾರ ಹಾಲು ಬತ್ತಿಸಿತ್ತು. ಪೊಟ್ಟಣದ ಬೆಣ್ಣೆ ಅಂದರೆ ಮಾವ ಕೂಗಾಡುತ್ತಾರೆಂದು ಅತ್ತೆ ಅಂಗಡಿಯಿಂದ ಎರಡು ಪೊಟ್ಟಣ ತಂದು, ಕಾಗದ ಬಿಚ್ಚಿ ಒಲೆಗೆ ಹಾಕಿ, ಬೆಣ್ಣೆಯನ್ನು ದಿನಾ ಇಡುವ ಕಲ್ಲಿನ ಮರಿಗೆಯಲ್ಲೇ ಒತ್ತಿಟ್ಟಿದ್ದರು. ಅಂಗಡಿಯ ಬೆಣ್ಣೆಗೆ ಮೊದಲೇ ಉಪ್ಪು ಹಾಕಿರುತ್ತಾರೆಂಬುದು ಅವರಿಗೆ ಹೊಳೆದಿರಲಿಲ್ಲ. ಮಾವ ಎಂದಿನ ಲೆಕ್ಕದಲ್ಲೇ ಉಪ್ಪು ಹಾಕಿದರು.

ನಾನು ತಲುಪಿದಾಗ ಐವತ್ತು ಏಡಿಯ ಮಾಂಸವೂ ಬಾಣಲೆಗೆ ಬಿದ್ದಾಗಿತ್ತು. ಹೊರಗೆ ನೆಂಟರ ಮಾತು. ಮಾವ ಸ್ಟೂಲಿನ ಮೇಲೆ ಕೂತು, “ಹೂಂ, ಹೇಳು” ಎಂದರು.

ಬಾಯಿಗಿಟ್ಟ ತಕ್ಷಣ ನಾಲಿಗೆ ಮಡಚಿಕೊಂಡಿತು. ಉಪ್ಪಲ್ಲದೆ ಬೇರೇನೂ ಇರಲಿಲ್ಲ. ಅವರ ಬೆರಳುಗಳ ತುದಿ ನೋಡಿದೆ. ಚಿಪ್ಪು ತಾಗಿ ಎರಡು ಕಡೆ ರಕ್ತ ಬಂದು ಒಣಗಿತ್ತು. ಮುಖದಲ್ಲಿ ಬೆವರು, ಬೆವರಿನ ಮೇಲೆ ನಗು.

“ಸರಿ ಇದೆ ಮಾವ.”

“ಬರೀ ಸರಿ ಇದೆಯಾ?”

“ಚೆನ್ನಾಗಿದೆ” ಎಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಅವಸರವಿತ್ತು, ಬನ್ನು ಆರುತ್ತಿತ್ತು. ತಟ್ಟೆಗಳನ್ನು ತಾವೇ ಹೊರಗೆ ಕೊಂಡುಹೋದರು.

ನಾಗೇಶಣ್ಣನ ಹೆಂಡತಿ ಎರಡು ಕಚ್ಚು ಕಷ್ಟಪಟ್ಟು ನುಂಗಿದರು. ನಾಗೇಶಣ್ಣ ಒಳ್ಳೆಯ ಮನುಷ್ಯ, ಆದರೆ ಬಾಯಿಗೆ ಬಂದದ್ದನ್ನು ತಡೆಯುವವರಲ್ಲ. “ಎಂತ ಭಾವ, ಹಡಗಿನ ಜೊತೆ ಸಮುದ್ರನೂ ಊರಿಗೆ ತಂದಿದ್ರಾ? ಅಷ್ಟೂ ಇದ್ರೊಳಗೇ ಹಾಕಿದೀರಲ್ಲ!” ಎಂದು ನಕ್ಕು ನೀರು ಕೇಳಿದರು. ಹೆಂಡತಿ ಅವರ ಮೊಣಕೈ ತಿವಿದರು. ಆಮೇಲೆ ಎಲ್ಲರೂ ಒಟ್ಟಿಗೆ ಏನೋ ಮಾತಾಡತೊಡಗಿದರು.

ಮಾವ ನಗುತ್ತಲೇ ತಟ್ಟೆಗಳನ್ನು ಒಳಗೆ ತಂದಿಟ್ಟರು. ಅಡುಗೆಮನೆಯಲ್ಲಿ ನಾವಿಬ್ಬರೇ.

“ನಿಂಗೆ ಗೊತ್ತಾಗ್ಲಿಲ್ವಾ?”

ಗೊತ್ತಾಗಲಿಲ್ಲ ಎಂದು ಇನ್ನೊಂದು ಸುಳ್ಳು ಹೇಳಬಹುದಿತ್ತು. “ಗೊತ್ತಾಯ್ತು” ಎಂದೆ.

ಅವರು ಸಿಟ್ಟು ಮಾಡಲಿಲ್ಲ. ಏಪ್ರನ್ನಿನ ಗಂಟು ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡರು. “ಇನ್ನು ನಾಲಿಗೆ ಎಲ್ಲಿಂದ ತರ್ಲಿ ಮಾರಾಯ್ತಿ ನಾನು?” ಎಂದರು.

ಹೇಳಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಮಾಂಸವನ್ನು ಬಿಸಿನೀರಿನಲ್ಲಿ ಜಾಲಿಸುತ್ತಿದ್ದರು. ಪೊಟ್ಟಣದ ಬೆಣ್ಣೆಯ ವಿಷಯ ತಿಳಿದು ಅತ್ತೆಗೆ ಬೈಯುತ್ತಿದ್ದರು. ನೆಂಟರನ್ನು ಅರ್ಧ ಗಂಟೆ ಕಾಯಿಸುತ್ತಿದ್ದರು. ಅಷ್ಟೇ. ಅವರಿಗೆ ನೋವಾಗುತ್ತದೆಂದು ನಾನು ಸುಮ್ಮನಾದೆ. ಸುಮ್ಮನಿರುವುದು ನನಗೆ ಯಾವಾಗಲೂ ಸುಲಭ.

ಮುಂದಿನ ಭಾನುವಾರ ಒಲೆ ಹತ್ತಿರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಮಾವ ಮಂಚ ಹಿಡಿದರು. ನನ್ನೊಡನೆ ಎಂದಿನಂತೆಯೇ ಕಾಲೇಜಿನ ವಿಷಯ, ಬಸ್ಸಿನ ವಿಷಯ ಮಾತಾಡುತ್ತಿದ್ದರು. ಊಟದ ವಿಷಯವೊಂದನ್ನು ಬಿಟ್ಟು.

ಮೂರನೆಯ ಭಾನುವಾರ ನಾನೇ ಹಿಂದಿನ ಸಂಜೆ ಏಡಿ ಬೇಯಿಸಿ, ಬಿಡಿಸಿ, ಡಬ್ಬಿಯಲ್ಲಿ ತೆಗೆದುಕೊಂಡು ಹೋದೆ. ಉಪ್ಪಿಲ್ಲದ ಬೆಣ್ಣೆಯನ್ನು ಭಂಡಿಗಡಿಯ ಸಹೋದ್ಯೋಗಿಯೊಬ್ಬಳ ಮನೆಯಿಂದ ಕೇಳಿ ತಂದಿದ್ದೆ. ಮಾವನ ಒಲೆಯ ಮೇಲೆ, ಅವರ ಬಾಣಲೆಯಲ್ಲಿ, ಸದ್ದು ಬಾರದ ಹಾಗೆ ಕರಗಿಸಿದೆ. ಒಲೆಯ ಹತ್ತಿರ ರುಚಿ ನೋಡಲಿಲ್ಲ. ಬನ್ನನ್ನು ತಟ್ಟೆಯಲ್ಲಿಟ್ಟು ಮಂಚದ ಬಳಿಗೆ ಒಯ್ದೆ. ಮಾವ ತಲೆಯೆತ್ತಿ ಮೂಸಿದರು.

“ಬೆಣ್ಣೆ ಕಾಯ್ಸಿಲ್ಲ. ಒಳ್ಳೇದಾಯ್ತು.”

ಅವರೆದುರಿಗೆ ಕೂತು ಒಂದು ತುಂಡು ಮುರಿದುಕೊಂಡೆ. ಬಾಯಿಗೆ ಇಡಬೇಕೆನ್ನುವಷ್ಟರಲ್ಲಿ ಅವರು ನನ್ನ ಮಣಿಕಟ್ಟು ಹಿಡಿದರು. ಕೈಯಲ್ಲಿ ಶಕ್ತಿಯೇ ಇರಲಿಲ್ಲ.

“ನೀನು ಬೇಡ. ನಿಂಗೆ ಕಷ್ಟ ಆಗುತ್ತೆ ಮಾರಾಯ್ತಿ.” ಆಮೇಲೆ ಬಾಗಿಲ ಕಡೆ ತಿರುಗಿ, “ಶಾಂತಾ, ಬಾ ಇಲ್ಲಿ. ನೀ ತಿಂದು ಹೇಳು” ಎಂದರು.

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಬಂದು, ನಿಂತೇ ಒಂದು ತುತ್ತು ತಿಂದರು. ಅವರಿಗೆ ಇಂಥದ್ದರ ಅಭ್ಯಾಸವಿರಲಿಲ್ಲ. ಬಹಳ ಹೊತ್ತು ಅಗಿದರು. “ಉಪ್ಪು ಒಂಚೂರು ಕಮ್ಮಿ ಕಾಣುತ್ತೆ ರೀ” ಎಂದರು.

“ಹೌದಾ” ಎಂದು ಮಾವ ಕಣ್ಣು ಮುಚ್ಚಿದರು. “ಏಡಿ?”

ಅತ್ತೆ ಹೇಳುತ್ತ ಹೋದರು, ತಡವರಿಸುತ್ತ. ಮಾವ ಗಮನವಿಟ್ಟು ಕೇಳಿದರು. ನನ್ನ ಬೆರಳ ನಡುವೆ ಮುರಿದ ತುಂಡು ಹಾಗೇ ಇತ್ತು. ತಿನ್ನಲೂ ಆಗಲಿಲ್ಲ, ತಟ್ಟೆಗೆ ಹಿಂದೆ ಇಡಲೂ ಆಗಲಿಲ್ಲ. ಬೆಣ್ಣೆ ಆರಿ ಬೆರಳಿಗೆ ಬಿಳಿಯಾಗಿ ಹತ್ತಿಕೊಂಡಿತು.

ಗುರುವಾರ ಬೆಳಿಗ್ಗೆ ಮಾವ ಹೋದರೆಂದು ಅತ್ತೆಯ ಫೋನು ಬಂತು.

ಆ ಭಾನುವಾರ ಉಪ್ಪು ನಿಜವಾಗಿ ಕಮ್ಮಿಯಿತ್ತೇ ಎಂಬುದು ನನಗೆ ಗೊತ್ತಿಲ್ಲ. ನಾನು ರುಚಿ ನೋಡಲಿಲ್ಲ.