ಹೆಬ್ಬೆಟ್ಟು ಒತ್ತದ ಗಂಗಮ್ಮ

ಖಾಲಿ ಗೂಟದ ಪಕ್ಕ ನಿಂತ ಕರು ಗಾಳಿಯನ್ನೇ ಗುಮ್ಮಿ ಗುಮ್ಮಿ ಚೀಪುತ್ತಿತ್ತು. ಅದರ ತಾಯಿ ದನಗಳಿಗೆ ಬರುವ ದೊಡ್ಡರೋಗದಲ್ಲಿ ಸತ್ತಿತ್ತು. ಐವತ್ತರ ದಶಕದ ಕೊನೆಯ ಮಾತು. ಸತ್ತ ದನಗಳಿಗೆ ಸರ್ಕಾರದ ಪರಿಹಾರ ಹಂಚಲು, ತಾಲೂಕು ಕಚೇರಿಯ ಗುಮಾಸ್ತನಾದ ನಾನು ಉಡುತಡಿಗೆ ಹೋಗಿದ್ದೆ. ಕರುವಿನ ಒಡತಿ ಗಂಗಮ್ಮ ಮಾತ್ರ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ.

“ಸತ್ತೈತಿ ಅಂತ ಒತ್ತಿಬಿಟ್ರೆ ನಾಳಿಂದ ಅದು ಬರಾಂಗಿಲ್ರೀ. ಕರುಗೆ ಹಾಲು ಕುಡ್ಸೋರು ಯಾರು?”

ಆ ಕೊಟ್ಟಿಗೆಯಲ್ಲಿ ಬೇರೆ ಹಸುವೇ ಇರಲಿಲ್ಲ. ಅಷ್ಟರಲ್ಲಿ ಕರು ತಿರುಗಿ ನನ್ನ ಕೈ ನೆಕ್ಕಿತು. ಅಂಗೈಗೆ ಹಾಲಿನ ನೊರೆ ಹತ್ತಿತು. ಅದಿನ್ನೂ ಬೆಚ್ಚಗಿತ್ತು.

ಕರು ಹುಲ್ಲು ಮೇಯುವಂತಾದ ಮೇಲೆ ಗಂಗಮ್ಮ ತಾನಾಗಿಯೇ ಶಿಕಾರಿಪುರದ ಕಚೇರಿಗೆ ಬಂದು ಹೆಬ್ಬೆರಳು ಚಾಚಿದಳು. ಅದಕ್ಕೆ ಮಸಿ ಹಚ್ಚುವಾಗ, ಹಸುವಿನ ಜೀವ ತೆಗೆಯುತ್ತಿರುವವನು ನಾನೇ ಅನ್ನಿಸಿತು.