ಒದ್ದೆ ಕೈಯ ಸುಶೀಲಕ್ಕ

ಸುಶೀಲಕ್ಕನ ಕೈ ಒಣಗಿದ್ದನ್ನು ನಾನು ನೋಡಿದ್ದೇ ಕಡಿಮೆ. ಬೆಳಕು ಹರಿಯುವ ಮೊದಲೇ ಕ್ಯಾರೆಟ್ ಶೆಡ್ಡಿಗೆ ಬಂದು, ಗಮ್ ಬೂಟು ಹಾಕಿ, ಸ್ವೆಟರಿನ ತೋಳನ್ನು ಮೊಣಕೈವರೆಗೆ ಮಡಚಿದಳೆಂದರೆ ಮಧ್ಯಾಹ್ನದವರೆಗೂ ಆ ಕೈಗಳು ನೀರಿನಲ್ಲೇ. ಬೆರಳ ತುದಿ ನೆನೆಸಿಟ್ಟ ಕಡಲೆಬೀಜದ ಹಾಗೆ ಸುಕ್ಕುಗಟ್ಟಿರುತ್ತಿತ್ತು. ಯಾರಾದರೂ ಟೀ ಕೊಟ್ಟರೆ ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದು ಕುಡಿಯುತ್ತಿದ್ದಳು.

ನೀಲಗಿರಿಯ ಲವ್‌ಡೇಲ್‌ನಿಂದ ಕೆಳಗೆ ಕಣಿವೆಗೆ ಇಳಿಯುವ ದಾರಿಯಲ್ಲಿ ಅವಳ ಶೆಡ್. ಸುತ್ತಲಿನ ಹಟ್ಟಿಗಳಿಂದ ಬಂದ ಕ್ಯಾರೆಟ್ಟನ್ನು ಅಲ್ಲಿ ತೊಳೆದು, ಆರಿಸಿ, ಮೂಟೆ ಹೊಲಿದು ಮೇಟ್ಟುಪಾಳ್ಯದ ಮಂಡಿಗೆ ಕಳಿಸಬೇಕು. ನಾನು ಗುಂಡ್ಲುಪೇಟೆ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದೆ. ನಮ್ಮ ಹೊಲದ ಮೂಟೆಗಳ ಜೊತೆ ಹೋಗಿ, ಅವು ತೊಳೆದು ಮುಗಿಯುವವರೆಗೂ ಬೆಂಚಿನ ಮೇಲೆ ಕಾಯುವುದು ನನ್ನ ಪಾಲಿನ ಕೆಲಸ. ನನ್ನ ಕನ್ನಡ ಅವಳಿಗೆ ನಗು ತರಿಸುತ್ತಿತ್ತು, ಅವಳ ಬಡಗ ಮಾತು ನನಗೆ. ಸ್ವಲ್ಪ ದಿನಕ್ಕೆ ಇಬ್ಬರೂ ನಡುವೆ ಎಲ್ಲೋ ಬಂದು ನಿಂತೆವು. ಅವಳ ಮಾತಿನಲ್ಲಿ ನನಗೆ ಬಹಳ ಹಿಡಿಸಿದ್ದು 'ಒಳ್ಳಿತ್ತು' ಎನ್ನುವ ಮಾತು. ಏನೇ ಚೆನ್ನಾಗಿದ್ದರೂ ಅಷ್ಟೇ ಹೇಳುತ್ತಿದ್ದಳು, ಅದಕ್ಕಿಂತ ದೊಡ್ಡ ಹೊಗಳಿಕೆ ಅವಳ ಹತ್ತಿರ ಇರಲಿಲ್ಲ.

ತೊಳೆಯುವ ಯಂತ್ರವೆಂದರೆ ಕಬ್ಬಿಣದ ದೊಡ್ಡ ಪೀಪಾಯಿ. ಅದು ಮೋಟಾರಿನಲ್ಲಿ ಗರಗರ ತಿರುಗುತ್ತದೆ, ಮೇಲಿಂದ ನೀರು ಬೀಳುತ್ತದೆ, ಒಳಗೆ ಕ್ಯಾರೆಟ್‌ಗಳು ಒಂದಕ್ಕೊಂದು ಬಡಿದುಕೊಂಡು ಮಣ್ಣು ಬಿಡುತ್ತವೆ. ಆ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳದು, ಇನ್ನು ಸಿನಿಮಾ ಹಾಡು ಎಲ್ಲಿಂದ ಕೇಳಬೇಕು? ಶೆಡ್ಡಿನ ಹೆಂಗಸರು ಫೋನಿನಲ್ಲಿ ಏನೇ ಹಾಕಿದರೂ ಪೀಪಾಯಿ ನುಂಗಿಬಿಡುತ್ತಿತ್ತು. ಒಮ್ಮೆ ಕೂನೂರಿನಲ್ಲಿ ಸುಶೀಲಕ್ಕ ಹೊಸ ಫೋನು ಕೊಂಡಾಗ ಅಂಗಡಿಯವನು ಸ್ಪೀಕರ್ ತೋರಿಸಲು ಯಾವುದೋ ಇಂಗ್ಲಿಷ್ ಹಾಡು ಹಾಕಿದನಂತೆ. ಓಡುವ ಡ್ರಮ್ಮು, ಗಿಟಾರಿನ ಗದ್ದಲ, ಅದರ ಮಧ್ಯೆ ಮಕ್ಕಳೂ ಹಾಡಬಹುದಾದ ಸುಲಭದ ರಾಗ. ಮರುದಿನ ಶೆಡ್ಡಿನಲ್ಲಿ ಅದನ್ನೇ ಹಾಕಿದಳು. ಪೀಪಾಯಿಯ ಸದ್ದನ್ನು ಸೀಳಿಕೊಂಡು ಹಾಡು ಹೊರಗೆ ಬಂತು.

ಅದು ಮುಗಿದ ಮೇಲೆ ಫೋನು ತಾನಾಗಿಯೇ ಇನ್ನೊಂದನ್ನು ಹಾಕಿತು, ಆಮೇಲೆ ಮತ್ತೊಂದು. ಕೈ ಒದ್ದೆ, ಮುಟ್ಟುವ ಹಾಗಿಲ್ಲ. ಹೀಗೆ ಬಂದದ್ದನ್ನೆಲ್ಲ ಕೇಳುತ್ತ ಹೋದಳು. ಮೊದಲು ಬಂದವರು ಅಮೆರಿಕದ ಹೆಸರುವಾಸಿಗಳು. ದಿನ ಕಳೆದ ಹಾಗೆ ಫೋನು ದಾರಿ ತಪ್ಪಿ ಸಣ್ಣ ಸಂದಿಗಳಿಗೆ ನುಗ್ಗಿತು. ಬೆಲ್ಜಿಯಮ್ಮಿನ ಯಾವುದೋ ಊರಿನ ನಾಲ್ವರು, ಚೆಕ್ ದೇಶದ ಅಣ್ಣತಮ್ಮಂದಿರು, ಪೋರ್ಚುಗಲ್ಲಿನ ಮೂವರು ಹುಡುಗಿಯರು. ಅವರನ್ನು ಕೇಳಿದವರೆಲ್ಲ ಸೇರಿದರೆ ನಮ್ಮ ಕೋತಗಿರಿ ಬಸ್ಸೂ ತುಂಬುತ್ತಿರಲಿಲ್ಲವೇನೋ. ಹಾಡಿನ ಕೆಳಗೆ 'ಪಾಪ್ ಪಂಕ್' ಎಂದು ಬರೆದಿರುತ್ತದೆ ಎಂದು ಓದಿ ಹೇಳಿದವಳು ನಾನು. "ಏನಾದರೂ ಇರಲಿ, ಇವರ ಪಾಟು ಮೆಷಿನ್ನಿಗೆ ಹೆದರಲ್ಲ," ಅಂದಳು. ಹಾಡಿಗೆ ಅಲ್ಲಿ ಎಲ್ಲರೂ ಪಾಟು ಅನ್ನುವುದು.

ಬ್ಯಾಂಡುಗಳ ಹೆಸರಿಗೆ ಅವಳ ನಾಲಿಗೆ ಹೊರಳುತ್ತಿರಲಿಲ್ಲ, ತನ್ನದೇ ಹೆಸರು ಇಟ್ಟಿದ್ದಳು. ಒಬ್ಬ 'ಹಲ್ಲುನೋವಿನ ಹುಡುಗ', ಇನ್ನೊಂದು ಗುಂಪು 'ಬಸ್ಸು ತಪ್ಪಿದವರು', ಅಷ್ಟು ಅವಸರದಲ್ಲಿ ಹಾಡುತ್ತಿದ್ದರು. ಮೂಟೆ ಏರಿಸಲು ಬರುವ ಲಾರಿ ಡ್ರೈವರ್ ಸೆಲ್ವಂಗೆ ಇದೆಲ್ಲ ತಮಾಷೆ.

"ಅಕ್ಕಾ, ಇದು ಪಾಟಾ, ಇಲ್ಲ ಬೇರಿಂಗ್ ಹೋಗಿದೆಯಾ?"

"ಬೇರಿಂಗ್ ಹೋದರೆ ಇಷ್ಟು ಸಂತೋಷವಾಗಿ ಕೂಗಲ್ಲ ತಂಬಿ. ನಿನ್ನ ಲಾರಿ ಕೇಳು, ಅದು ಅಳೋದು."

"ಒಂದು ಒಳ್ಳೆ ತಮಿಳು ಪಾಟು ಹಾಕಬಾರದಾ?"

"ಅದಕ್ಕೆ ಊರೆಲ್ಲ ಇದೆ. ಇವರಿಗೆ ಯಾರಿದ್ದಾರೆ?"

ಇದು ಅವಳ ತಮಾಷೆ ಮಾತಲ್ಲ, ನಂಬಿಕೆ. ಯಾರೋ ಅಷ್ಟು ದೂರದಲ್ಲಿ ಬಾಗಿಲು ಹಾಕಿಕೊಂಡು ಹಾಡಿದ್ದಾರೆ, ಯಾರಾದರೂ ಕೊನೆಯವರೆಗೆ ಕೇಳಬೇಕು. ಚೆನ್ನಾಗಿಲ್ಲದ ಹಾಡು ಬಂದಾಗ ಬೇರೆ ಹೆಂಗಸರು ಮುಖ ಸಿಂಡರಿಸಿದರೆ, "ಇರಿ, ಮುಗೀಲಿ. ಕೊನೇಲಿ ಏನಾದರೂ ಇಟ್ಟಿರ್ತಾರೆ," ಅನ್ನುತ್ತಿದ್ದಳು. ಹಲವು ಸಲ ಇಟ್ಟಿರುತ್ತಿದ್ದರು.

ಹಾಗೆ ಕೊನೆಯವರೆಗೆ ಕೇಳದೇ ಉಳಿದದ್ದು ಒಂದೇ ಒಂದು. ಒಂದು ಬೆಳಿಗ್ಗೆ ಯಾವುದೋ ಭಾಷೆಯಲ್ಲಿ ಹುಡುಗಿಯೊಬ್ಬಳು ಒಂದು ಎರಡು ಎಂದು ಎಣಿಸಿ, ಮೂರು ಅನ್ನುವಾಗ ನಕ್ಕುಬಿಟ್ಟಳಂತೆ. ನಗು ನಿಲ್ಲುವ ಮೊದಲೇ ಡ್ರಮ್ಮು ಶುರುವಾಯಿತು. ಆ ರಾಗ ಸುಶೀಲಕ್ಕನಿಗೆ ಎಷ್ಟು ಹಿಡಿಸಿತೆಂದರೆ, ಯಾರು ಇವರು ಎಂದು ನೋಡಲು ಒದ್ದೆ ಕೈಯಲ್ಲೇ ಫೋನನ್ನು ಹಿಡಿದಳು. ಫೋನು ಮೀನಿನ ಹಾಗೆ ಜಾರಿ, ಕೆಸರು ನೀರಿನ ತೊಟ್ಟಿಗೆ ಬಿತ್ತು. ತೊಟ್ಟಿ ಖಾಲಿ ಮಾಡಿ ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೊಸ ಫೋನು ಬಂತು, ಹಳೆಯದರ ನೆನಪೊಂದೂ ಅದರಲ್ಲಿ ಇರಲಿಲ್ಲ.

"ಅರ್ಧದಲ್ಲಿ ಎದ್ದು ಬಂದ ಹಾಗಾಯ್ತು ಜಯಾ," ಅಂದಳು ನನಗೆ. "ಊಟಕ್ಕೆ ಕರೆದವರ ಮನೇಲಿ ಎಲೆ ಮುಂದಿಂದ ಎದ್ದ ಹಾಗೆ."

ಅಂದಿನಿಂದ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎತ್ತರದ ಮೊಳೆಗೆ ನೇತುಹಾಕಿದಳು. ಮುಟ್ಟುವ ಅಧಿಕಾರ ಒಣಕೈಯವಳಾದ ನನಗೆ ಮಾತ್ರ. ಎಣಿಸುವ ದನಿ ಕೇಳಿದರೆ ಸಾಕು, ಅವಳು ಕ್ಯಾರೆಟ್ ಆರಿಸುವುದನ್ನು ಬಿಟ್ಟು ನನ್ನ ಕಡೆ ಕತ್ತು ಎತ್ತುತ್ತಿದ್ದಳು. ಎಣಿಕೆಯ ಹಿಂದೆ ಆ ಹುಡುಗಿಯ ನಗು ಬರುತ್ತಿರಲಿಲ್ಲ. ತಲೆ ಅಲ್ಲಾಡಿಸಿ ಮತ್ತೆ ಬಗ್ಗುತ್ತಿದ್ದಳು. ಆ ಹುಡುಗಿಯನ್ನು ಹುಡುಕುತ್ತ ಹುಡುಕುತ್ತಲೇ ಅವಳಿಗೆ ಉಳಿದವರೆಲ್ಲ ಸಿಕ್ಕಿದ್ದು.

ಇಷ್ಟವಾದವರಿಗೆ ನಾಲ್ಕು ಮಾತು ಬರೆಸುತ್ತಿದ್ದಳು. ನಾನು ನನಗೆ ಬಂದ ಇಂಗ್ಲಿಷಿನಲ್ಲಿ ಹಾಡಿನ ಕೆಳಗೆ ಬರೆಯಬೇಕು: "ಕ್ಯಾರೆಟ್ ತೊಳೆಯುತ್ತ ಪೂರ್ತಿ ಕೇಳಿದೆ. ಸುಶೀಲಾ, ನೀಲಗಿರಿ." ಹೆಚ್ಚಿನವರು ಏನೂ ಹೇಳುತ್ತಿರಲಿಲ್ಲ. ಆದರೆ ಬೆಲ್ಜಿಯಮ್ಮಿನ ಗುಂಪಿನ ಡ್ರಮ್ಮಿನವನು ಉತ್ತರ ಬರೆದ. ತಾನು ಹಗಲು ಹೊತ್ತು ಆಲೂಗಡ್ಡೆ ಆರಿಸುವ ಕಡೆ ಕೆಲಸ ಮಾಡುತ್ತೇನೆ, ಅಲ್ಲಿನ ಯಂತ್ರದ ತಾಳವೇ ಆ ಹಾಡಿನ ತಾಳ ಎಂದಿದ್ದ. ನಾನು ಓದಿ ಹೇಳಿದೆ. ಸುಶೀಲಕ್ಕ ಓಡಿಹೋಗಿ ಮೋಟಾರನ್ನೇ ನಿಲ್ಲಿಸಿದಳು. ಶೆಡ್ಡು ಪೂರ್ತಿ ಮೌನವಾದದ್ದನ್ನು ಹಗಲಿನಲ್ಲಿ ನಾನು ಕಂಡದ್ದು ಆಗಲೇ.

"ಇನ್ನೊಂದು ಸಲ ಓದು."

ಓದಿದೆ.

"ಕೇಳಿದಿರಾ, ನಮ್ಮವನೇ!" ಎಂದು ಎಲ್ಲರಿಗೂ ಕೂಗಿ ಹೇಳಿದಳು. "ಕೇಳು ಅವನನ್ನ, ಆರಿಸಿ ತೊಳೀತಾರಾ, ತೊಳೆದು ಆರಿಸ್ತಾರಾ ಅಂತ."

ಕೇಳಿದೆ. ತೊಳೆದೇ ಆರಿಸುತ್ತಾರಂತೆ. "ಒಳ್ಳಿತ್ತು," ಎಂದು ಮೋಟಾರು ಹಾಕಿದಳು. ಅಂದಿನಿಂದ ಅವನ ಹೆಸರು 'ನಮ್ಮ ಆಲೂಗಡ್ಡೆ'. ಅವನ ಹಾಡು ಬಂದಾಗ ಸೆಲ್ವಂ ಬಾಯಿ ತೆರೆಯುವ ಹಾಗಿರಲಿಲ್ಲ.

ಅಷ್ಟು ವರ್ಷದ ತಣ್ಣೀರು ಕೊನೆಗೆ ಅವಳ ಬೆರಳಿನ ಗೆಣ್ಣುಗಳಿಗೆ ಇಳಿಯಿತು. ಇನ್ನು ನೀರು ಮುಟ್ಟಬಾರದು ಎಂದು ಡಾಕ್ಟರು ಹೇಳಿದ ಮೇಲೆ ಶೆಡ್ಡನ್ನು ಮೈದುನನಿಗೆ ಬಿಟ್ಟು ಹಟ್ಟಿಯ ಮನೆಯಲ್ಲಿ ಕೂತಳು. ನೋಡಲು ಹೋದಾಗ ಕೈ ಚಾಚಿ ತೋರಿಸಿದಳು. "ನೋಡು, ಈಗ ಒಣಗಿದೆ. ಆದರೆ ಬೆರಳು ಬಗ್ಗಲ್ಲ. ಪಾಟು ಬದಲಾಯಿಸೋ ಯೋಗ ನನಗಿಲ್ಲ ಬಿಡು." ಆ ನಗುವಿನ ಹುಡುಗಿ ಸಿಕ್ಕಳಾ ಎಂದು ಪ್ರತಿ ಸಲವೂ ನಾನೂ ಕೇಳುತ್ತಿದ್ದೆ, ಅವಳೂ ಕೇಳುತ್ತಿದ್ದಳು. ಕಳೆದ ಚಳಿಗಾಲಕ್ಕೆ ಎದೆಯ ತೊಂದರೆಯೂ ಸೇರಿ ಬಹಳ ಸೋತಿದ್ದಳು. ಸಿಕ್ಕರೆ ಬೇಗ ಸಿಗಲಿ ಎಂದು ನನ್ನ ಮನಸ್ಸಿನಲ್ಲಿ ಅವಸರ ಹುಟ್ಟಿತು. ಅಡುಗೆಮನೆಯ ಕಿಟಕಿಯಲ್ಲಿ ಫೋನಿಟ್ಟು ನಾನೂ ಬಂದದ್ದನ್ನೆಲ್ಲ ಕೇಳತೊಡಗಿದೆ.

ಮಂಜು ಬಿದ್ದು ಹುಲ್ಲೆಲ್ಲ ಬೆಳ್ಳಗಾಗಿದ್ದ ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದೆ. ಹುಡುಗಿಯೊಬ್ಬಳು ಎಣಿಸಿದಳು, ನಕ್ಕಳು. ನಾನು ಕೈ ಸೆರಗಿಗೆ ಒರೆಸಿ, ಫೋನು ಹಿಡಿದು, ಸೋಪಿನ ಪಾತ್ರೆಗಳನ್ನು ಹಾಗೇ ಬಿಟ್ಟು ಹಟ್ಟಿಯ ಏರು ಹತ್ತಿದೆ. ಸುಶೀಲಕ್ಕ ಅಂಗಳದಲ್ಲಿ ಕಂಬಳಿ ಹೊದ್ದು ಬಿಸಿಲಿಗೆ ಕೂತಿದ್ದಳು.

"ಸಿಕ್ಕಳು ಅಕ್ಕ!"

ಮೊದಲಿನಿಂದ ಹಾಕಿ ಅವಳ ಕಿವಿಯ ಹತ್ತಿರ ಹಿಡಿದೆ. ಎಣಿಕೆ ಬಂತು, ನಗು ಬಂತು. ಅವಳ ಕಣ್ಣು ಅರಳಿ, ಹಾಗೇ ನಿಧಾನಕ್ಕೆ ಮುಚ್ಚಿತು.

"ಅಲ್ಲ ಜಯಾ. ಅವಳು ಮೂರಕ್ಕೆ ನಕ್ಕಿದ್ದು. ಇವಳು ಎರಡಕ್ಕೇ ನಕ್ಕಳು."

ನನಗೆ ಅಳುವೇ ಬಂತು. ನಿಲ್ಲಿಸಲು ಬೆರಳು ಇಟ್ಟೆ.

"ಕೈ ತೆಗಿ," ಅಂದಳು. "ಪಾಪ, ಇವಳೇನು ಮಾಡಿದಳು? ಮುಗೀಲಿ."

ಇಬ್ಬರೂ ಕೇಳಿದೆವು. ಕೊನೆಯಲ್ಲಿ ಡ್ರಮ್ಮು ನಿಂತು ಗಿಟಾರು ಒಂದೇ ಉಳಿಯಿತು, ಅದರ ಮೇಲೆ ಎಲ್ಲರೂ ಒಟ್ಟಿಗೆ ದನಿ ಎತ್ತಿದರು. ಬಗ್ಗದ ಬೆರಳುಗಳಲ್ಲೇ ಸುಶೀಲಕ್ಕ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು.

"ಒಳ್ಳಿತ್ತು. ಎಲ್ಲಿಯವರು?"

"ಸ್ಲೊವೇನಿಯಾ ಅಂತ ಇದೆ ಅಕ್ಕ. ಯಾರೂ ಏನೂ ಬರೆದಿಲ್ಲ ಇವರಿಗೆ."

"ಮತ್ತೆ ನೀನು ಯಾಕೆ ಕೂತಿದ್ದೀಯಾ? ಬರಿ."

ಬರೆದೆ. ಕ್ಯಾರೆಟ್ ತೊಳೆಯುತ್ತ ಎನ್ನಲೇ ಎಂದು ಕೇಳಿದಾಗ, "ಬಿಸಿಲು ಕಾಯ್ತಾ ಅನ್ನು, ಸುಳ್ಳು ಯಾಕೆ?" ಅಂದಳು. ಆ ವಾರವೇ ಹೋಗಿಬಿಟ್ಟಳು.

ಶೆಡ್ಡು ಈಗಲೂ ನಡೆಯುತ್ತಿದೆ. ಅವಳ ಮೈದುನ ಸಿನಿಮಾ ಹಾಡು ಹಾಕುತ್ತಾನೆ, ಪೀಪಾಯಿ ನುಂಗುತ್ತದೆ. ಮೂಟೆಯ ಜೊತೆ ಹೋದಾಗ ಆ ಖಾಲಿ ಮೊಳೆಯನ್ನು ನೋಡಿ ಬರುತ್ತೇನೆ. ಸೆಲ್ವಂ ಒಂದು ದಿನ ತಾನಾಗಿಯೇ ಕೇಳಿದ: "ಆ ಆಲೂಗಡ್ಡೆಯವನ ಪಾಟು ನಿಮ್ಮ ಫೋನಿನಲ್ಲಿ ಇದೆಯಾ ಅಕ್ಕಾ?"

ಮನೆಯಲ್ಲಿ ಪಾತ್ರೆಗೆ ಕೂತಾಗ ಫೋನು ಕಿಟಕಿಯಲ್ಲಿ ತನ್ನಷ್ಟಕ್ಕೆ ಹಾಡುತ್ತಿರುತ್ತದೆ. ನಡುವೆ ಒಂದೊಂದು ಸ್ವಲ್ಪವೂ ಸೇರುವುದಿಲ್ಲ, ಬದಲಾಯಿಸೋಣ ಅನ್ನಿಸುತ್ತದೆ. ಕೈ ಒದ್ದೆ.