ಹೆಗಲ ಮೇಲಿನ ಹೊಸ ವಸ್ತ್ರ

ಮಗನ ಶಾಲೆಯ ಗ್ರೂಪಿನಲ್ಲಿ ಮೆಸೇಜು: ‘ನಾಳೆ ಮಕ್ಕಳಿಗೆ ಕ್ಯಾಶುವಲ್ಸ್ ಹಾಕಿ ಕಳಿಸಿ.’ ಯೂನಿಫಾರ್ಮ್ ಬೇಡ, ಮನೆಯ ಅಂಗಿ, ಚೊಣ್ಣ ಸಾಕು ಎಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಸಿಂದಗಿ ಕಡೆಯ ನಮ್ಮೂರ ಶಾಲೆ ನೆನಪಾಯಿತು. ಮೈಸೂರಿನಿಂದ ಬಂದಿದ್ದ ಹೊಸ ಮಾಸ್ತರರು, ‘ನಾಳೆ ಎಲ್ಲರೂ ಹೊಸ ವಸ್ತ್ರ ಹಾಕಿಕೊಂಡು ಬನ್ನಿ’ ಎಂದಿದ್ದರು. ಬಟ್ಟೆಗೆ ಅರಿವಿ ಎನ್ನುವ ನಮ್ಮಲ್ಲಿ ವಸ್ತ್ರವೆಂದರೆ ಟವೆಲ್ಲು. ಅವ್ವ ಅದೇ ಮಾಸಿದ ಅಂಗಿಯ ಮೇಲೆ ಅಪ್ಪನ ಹೊಸ ಟವೆಲ್ಲು ಹಾಕಿ ಕಳಿಸಿದಳು. ಇಡೀ ತರಗತಿ ನ್ಯಾಯಕ್ಕೆ ಕೂತ ಹಿರಿಯರಂತೆ ಹೆಗಲಿಗೆ ಟವೆಲ್ಲು ಹಾಕಿಕೊಂಡು ಕೂತಿತ್ತು. ‘ಕನ್ನಡ ಬರಲ್ವೇನ್ರೋ ನಿಮಗೆ?’ ಎಂದು ಮಾಸ್ತರರು ರೇಗಿದರು. ಬೈಸಿಕೊಂಡವರು ನಾವು!

ಈಗ ಮೆಸೇಜು ಓದಿ ಹೇಳಿದರೆ ಅವ್ವ ಅನ್ನುತ್ತಾಳೆ: ‘ಈ ಸಲ ಮೊದಲ ಕೇಳಿಬಿಡೋ ತಮ್ಮಾ. ಅದನ್ನ ಹೆಗಲಿಗೆ ಹಾಕೂದೋ, ಟೊಂಕಕ್ಕ ಸುತ್ತೂದೋ?’